ಥಾರ್ನ್‌ಬರಿ ಅಪ್ಪ

"ಸೂಟು ಬಿಚ್ಚಿ. ಇದನ್ನ ಹಾಕಿ," ಎಂದು ಡೋರೀನ್ ಕಾಗದದ ಚೀಲವನ್ನು ಕೊವಾಲಿಕ್ ಅವರ ಎದೆಗೆ ಒತ್ತಿದಳು.

ಶವಪೆಟ್ಟಿಗೆಯನ್ನು ತಮ್ಮ ಶವಸಂಸ್ಕಾರ ಮಂದಿರದ ಮುಂದಿನ ಹಾಲಿಗೆ ತಳ್ಳಿಕೊಂಡು ಬರುತ್ತಿದ್ದ ಕೊವಾಲಿಕ್ ಅಲ್ಲೇ ನಿಂತರು. ಹಾರ್ಕರ್ ಪಟ್ಟಣದ ಸತ್ತವರನ್ನೆಲ್ಲ ಸಿಂಗರಿಸಿ ಕಳಿಸುವುದು ಅವರ ಕಸುಬು. ಸತ್ತವರು ಅವರಿಗೆ ಎಂದೂ ತೊಂದರೆ ಕೊಟ್ಟಿಲ್ಲ, ಕೊಟ್ಟವರೆಲ್ಲ ಬದುಕಿರುವವರೇ. ಚೀಲದೊಳಗೆ ಕೈಹಾಕಿ ಒಂದು ಕಡುಗೆಂಪು ಸ್ವೆಟ್‌ಶರ್ಟ್ ತೆಗೆದರು. ಎದೆಯ ಮೇಲೆ ಬಿಳಿ ಅಕ್ಷರದಲ್ಲಿ 'ಥಾರ್ನ್‌ಬರಿ' ಎಂದೂ ಅದರ ಕೆಳಗೆ ಇನ್ನೂ ದೊಡ್ಡದಾಗಿ 'ಅಪ್ಪ' ಎಂದೂ ಬರೆದಿತ್ತು. ಅಂಗಡಿಯ ಚೀಟಿಯನ್ನು ಕೂಡ ಕಿತ್ತಿರಲಿಲ್ಲ.

"ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?" ಎಂದಳು ರೋಸ್‌ಮೇರಿ. ಅವಳು ಸತ್ತ ಬರ್ನಿಯ ಅಕ್ಕ, ಡೋರೀನ್ ಅವನ ಹೆಂಡತಿ. "ಚರ್ಚಿಗೆ ಹೋಗೋ ಹೆಣಕ್ಕೆ ಯಾರಾದ್ರೂ ಫುಟ್ಬಾಲ್ ನೋಡೋಕೆ ಹೋಗೋ ಅಂಗಿ ಹಾಕ್ತಾರಾ? ಫಾದರ್ ಏನಂದ್ಕೊಂಡಾರು?"

"ಏನಾದ್ರೂ ಅಂದ್ಕೊಳ್ಲಿ. ಆ ಸೂಟನ್ನ ಅವನು ಹಾಕಿದಾಗೆಲ್ಲ ಬೈಕೊಂಡೇ ಹಾಕಿದಾನೆ. ಇದನ್ನ ನೋಡಿ, ಬೀರು ಮೂಲೇಲಿ ಬಚ್ಚಿಟ್ಟಿದ್ದ. ಇವತ್ತಿಗೆ ಅಂತಾನೇ ಇಟ್ಕೊಂಡಿದ್ದ. ಮೇ ಒಂದಕ್ಕೆ."

ಮೇ ಒಂದು ಎಂದರೆ ನಮ್ಮ ಕಡೆ ಹೈಸ್ಕೂಲು ಮುಗಿಸುವ ಮಕ್ಕಳು ಯಾವ ಕಾಲೇಜಿಗೆ ಹೋಗುತ್ತೇವೆಂದು ಹೂಂ ಅನ್ನಬೇಕಾದ ಕಡೆಯ ದಿನ. ಮಕ್ಕಳು ಹೂಂ ಅನ್ನುವುದು ಹೆಸರಿಗೆ ಮಾತ್ರ. ಕಾಲೇಜಿನ ಹೆಸರಿನ ಅಂಗಿ ತೊಟ್ಟು, ಮನೆಯ ಮುಂದಿನ ಹುಲ್ಲಿನಲ್ಲಿ ಫಲಕ ನೆಟ್ಟು, ಅಗ್ನಿಶಾಮಕದವರ ಫೈರ್ ಹಾಲಿನಲ್ಲಿ ಕೂಟ ಸೇರಿ, ಊರಿಗೆಲ್ಲ ಸಾರಿಕೊಂಡು ಬರುವವರು ಅಪ್ಪ ಅಮ್ಮಂದಿರು. ಸಂಬಳ ಹೆಚ್ಚಿದ್ದನ್ನು ನಾವು ಯಾರಿಗೂ ಹೇಳುವುದಿಲ್ಲ, ಕಾಯಿಲೆಯನ್ನೂ ಹೇಳುವುದಿಲ್ಲ. ಮಕ್ಕಳ ಕಾಲೇಜನ್ನು ಮಾತ್ರ ಕೇಳದವರಿಗೂ ಹೇಳುತ್ತೇವೆ.

ಲೀಡಿಯಾ ಬಾಗಿಲಿಗೆ ಒರಗಿ ನಿಂತಿದ್ದಳು. ಡೋರೀನ್ ಮತ್ತು ಬರ್ನಿ ಹುಡಾಕ್‌ಗೆ ಅವಳೊಬ್ಬಳೇ ಮಗಳು. ಥಾರ್ನ್‌ಬರಿ ಕಾಲೇಜಿಗೆ ಹೊರಟವಳು ಎಂದು ಊರೆಲ್ಲ ನಂಬಿದ್ದ ಹುಡುಗಿ ಅವಳೇ. ಅದು ಸುಳ್ಳೆಂದು ಬಲ್ಲವರು ಮೂವರಿದ್ದರು. ಒಬ್ಬಳು ಅವಳು, ಇನ್ನೊಬ್ಬರು ಕೊವಾಲಿಕ್. ಮೂರನೆಯವನು ಪೆಟ್ಟಿಗೆಯಲ್ಲಿ ಮಲಗಿದ್ದ.

"ಅಮ್ಮಾ, ಒಂದು ಮಾತು..."

"ನೀನೂ ನಿಮ್ಮತ್ತೆ ಜೊತೆ ಸೇರ್ಕೋಬೇಡ ಮಗಾ. ಇವತ್ತೊಂದಿನ ನಾನು ಹೇಳಿದ್ದು ನಡೀಲಿ."

ಕೊವಾಲಿಕ್ ಲೀಡಿಯಾಳ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. "ಆಯ್ತಮ್ಮ ಡೋರೀನ್, ಸ್ವಲ್ಪ ಹೊತ್ತು ಕೊಡಿ," ಎಂದು ಅವರು ಪೆಟ್ಟಿಗೆಯನ್ನು ಮತ್ತೆ ಒಳಕ್ಕೆ ತಳ್ಳಿಕೊಂಡು ಹೋದರು. ಮುಚ್ಚಿದ ಬಾಗಿಲ ಹಿಂದೆ ಕತ್ತರಿಯ ಸದ್ದು ಬಂತು. ಸೆಟೆದ ತೋಳುಗಳಿಗೆ ತಲೆಯಿಂದ ಅಂಗಿ ಹಾಕಲು ಬರುವುದಿಲ್ಲ. ಬೆನ್ನುದ್ದಕ್ಕೂ ಸೀಳಿ, ಮುಂದಿನಿಂದ ಹೊದಿಸಿ, ಅಂಚನ್ನು ಬೆನ್ನಡಿಗೆ ಸೇರಿಸಬೇಕು. ಲೀಡಿಯಾಗೆ ಅದು ಗೊತ್ತಿತ್ತು, ಕೊವಾಲಿಕ್ ಅವರ ಪಕ್ಕ ನಿಂತು ಎಷ್ಟೋ ಸಲ ಮಾಡಿದ್ದಳು. ಮಗಳು ಶಾಲೆ ಬಿಟ್ಟ ಮೇಲೆ ಅಲ್ಲಿ ಫೋನು ಎತ್ತುತ್ತಾಳೆ, ಹೂವು ಜೋಡಿಸುತ್ತಾಳೆ ಎಂದಷ್ಟೇ ಡೋರೀನ್ ತಿಳಿದಿದ್ದಳು. ಹೆಣ ಎಂದರೆ ಹೆದರುವ ಹೆಂಗಸು ಅವಳು, ಹೆಚ್ಚು ಕೇಳಿರಲಿಲ್ಲ.

*

ಬರ್ನಿ ಹುಡಾಕ್ ಊರಿನ ದಿನಸಿ ಅಂಗಡಿಯಲ್ಲಿ ಮಾಂಸದ ಕೌಂಟರಿನ ಹಿಂದೆ ಆಯುಷ್ಯ ಕಳೆದವನು. ಅವನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಯಾವ ಯುದ್ಧಕ್ಕೂ ಹೋಗಲಿಲ್ಲ, ಯಾವ ಚುನಾವಣೆಗೂ ನಿಲ್ಲಲಿಲ್ಲ, ಒಂದು ಮೀನು ಹಿಡಿದ ಫೋಟೋ ಕೂಡ ಇಲ್ಲ. ಹ್ಯಾಮನ್ನು, ಎಂದರೆ ಹಂದಿ ತೊಡೆಯ ಮಾಂಸವನ್ನು, ಮಾತ್ರ ಕಾಗದದಷ್ಟು ತೆಳ್ಳಗೆ ಹೆರೆಯುತ್ತಿದ್ದ. ನಮ್ಮೂರಿನವರಿಗೆ ಹ್ಯಾಮ್ ಕೊಂಚ ದಪ್ಪವಾದರೂ ಮುಖ ಸಿಂಡರಿಸುವ ಚಟ. ತೆಳ್ಳಗೆ ಹೆರೆಯಲು ಹೊತ್ತು ಹಿಡಿಯುತ್ತದೆ, ಹೊತ್ತು ಹಿಡಿದಾಗ ಜನ ಮಾತಾಡುತ್ತಾರೆ.

"ನಿಮ್ಮ ಹುಡುಗ ಎಲ್ಲಿಗೆ ಹೋಗ್ತಾನೆ?" ಪ್ರತಿ ವಸಂತದಲ್ಲೂ ಬರ್ನಿಯದು ಇದೇ ಪ್ರಶ್ನೆ.

"ಸ್ಟೇಟ್ ಯೂನಿವರ್ಸಿಟಿಗೆ ಕಣೋ. ಎಂಜಿನಿಯರಿಂಗು."

"ಭೇಷ್! ತಗೊಳ್ಳಿ, ನನ್ ಕಡೆಯಿಂದ ಇನ್ನೆರಡು ತುಂಡು."

ಕೇಳಿ ಮರೆಯುವವನಲ್ಲ. ರಜೆಗೆ ಮಕ್ಕಳು ಮನೆಗೆ ಬರುವ ಮೊದಲೇ, "ಹುಡುಗಿ ಬಂದ್ಳಾ? ಆ ಒಹಾಯೋ ಚಳಿ ಹೆಂಗಿದೆಯಂತೆ?" ಎಂದು ವಿಚಾರಿಸುತ್ತಿದ್ದ. ಹೆತ್ತವರಿಗೇ ಮರೆತ ರೂಮ್‌ಮೇಟಿನ ಹೆಸರು ಅವನಿಗೆ ನೆನಪಿರುತ್ತಿತ್ತು. ಮಗ ಓದು ಬಿಟ್ಟು ವಾಪಸು ಬಂದರೆ ಮಾತ್ರ ಅವನ ಬಾಯಿಗೆ ಬೀಗ. ತೂಕಕ್ಕಿಂತ ಒಂದು ಹಿಡಿ ಹೆಚ್ಚು ಕಟ್ಟಿ ಸುಮ್ಮನೆ ಕೊಟ್ಟುಬಿಡುತ್ತಿದ್ದ.

ಹೀಗೆ ಊರಿನ ಮಕ್ಕಳನ್ನೆಲ್ಲ ಕಾಲೇಜಿಗೆ ಕಳಿಸಿದವನಿಗೆ ಈ ವರ್ಷ ಕೊನೆಗೂ ಸರದಿ ಬಂತು. ಮಾರ್ಚಿನಲ್ಲಿ ಥಾರ್ನ್‌ಬರಿಯಿಂದ ಉತ್ತರ ಬಂದ ಮರುದಿನ ಅವನು ಕೌಂಟರಿನಲ್ಲಿ ಎಲ್ಲರಿಗೂ, "ಥಾರ್ನ್‌ಬರಿಯವರು ನಮ್ಮ ಲೀಡಿಯಾನ ತಗೊಂಡಿದಾರೆ!" ಎಂದ. ಅದು ನಿಜವೇ. ಬಾಸ್ಟನ್ ಕಡೆಯ ಆ ಕಾಲೇಜಿಗೆ ಹಾರ್ಕರ್‌ನಿಂದ ಯಾರೂ ಹೋಗಿದ್ದಿಲ್ಲ. ಶಾಲೆಯ ಮೇಷ್ಟರು ಹೇಳಿದರೆಂದು ಲೀಡಿಯಾ ಅರ್ಜಿ ಹಾಕಿದ್ದಳು, ಅಷ್ಟೇ. ಆದರೆ ನಮ್ಮೂರಿನಲ್ಲಿ ತಗೊಂಡರು ಎಂದರೆ ಹೋಗುತ್ತಾಳೆ ಎಂದೇ ಲೆಕ್ಕ. ಸಂಜೆಯೊಳಗೆ, ಲೀಡಿಯಾಳ ಜೊತೆ ಓದುವ ಹುಡುಗನೊಬ್ಬನ ಅಮ್ಮ ಪ್ಯಾಟ್ಸಿ ಡ್ಯೂಗನ್ ಅದನ್ನು ಶಾಲೆಯ ಪಾಲಕರ ಫೇಸ್‌ಬುಕ್ ಪುಟಕ್ಕೆ ಹಾಕಿದಳು. ಯಾವಾಗ ಹೊರಡೋದು ಎಂದು ಜನ ಕೇಳತೊಡಗಿದರು. ಬರ್ನಿ ತಿದ್ದಲಿಲ್ಲ. "ಆಗಸ್ಟಲ್ಲಿ," ಎಂದುಬಿಟ್ಟ. ಆ ವಾರವೇ ಅಂಗಿಯನ್ನೂ ತರಿಸಿದ.

*

ಬರ್ನಿಯ ಪೆಟ್ಟಿಗೆ ಕೊನೆಗೆ ಮುಂದಿನ ಹಾಲಿಗೆ ಬಂದಾಗ ಬಾಗಿಲಿನಿಂದ ಬೀದಿಯವರೆಗೂ ಜನ ನಿಂತಿದ್ದರು. ಲೀಡಿಯಾ ಅಮ್ಮನ ಪಕ್ಕ ನಿಂತು ಬಂದವರ ಕೈ ಕುಲುಕಿದಳು.

"ಮೊನ್ನೆ ಸೋಮವಾರ ಅರ್ಧ ಪೌಂಡು ಹ್ಯಾಮ್ ಕೊಟ್ಟನಲ್ಲೇ ಡೋರೀನ್. ಮಂಗಳವಾರ ಇಲ್ಲ ಅಂದ್ರೆ!"

"ಕೌಂಟರ್ ಹಿಂದೇನೇ ಕುಸಿದುಬಿಟ್ನಂತಲ್ಲ. ಎದೆ ನೋವು ಅಂತ ಒಂದಿನಾನೂ ಅನ್ಲಿಲ್ಲ."

ಆಮೇಲೆ ಪೆಟ್ಟಿಗೆಯೊಳಗೆ ಇಣುಕಿ, ಅಂಗಿ ನೋಡಿ, ಬಾಯಿ ಮುಚ್ಚಿಕೊಂಡು ಅತ್ತರು. ಅತ್ತು ಮುಗಿಸಿ ಲೀಡಿಯಾಳತ್ತ ತಿರುಗಿದರು.

"ಇಂಥ ದಿನ ಹೇಳಬಾರದು, ಆದ್ರೂ ಕಂಗ್ರಾಚುಲೇಷನ್ಸ್ ಪುಟ್ಟಿ."

"ಥ್ಯಾಂಕ್ಸ್," ಎನ್ನದೆ ಅವಳಿಗೆ ಗತಿಯಿರಲಿಲ್ಲ. ಒಂದೊಂದು ಥ್ಯಾಂಕ್ಸಿಗೂ ತನ್ನ ಪೆಟ್ಟಿಗೆಗೆ ತಾನೇ ಒಂದೊಂದು ಮೊಳೆ ಹೊಡೆದುಕೊಳ್ಳುತ್ತಿದ್ದೇನೆ ಅನ್ನಿಸಿತು.

ಪ್ಯಾಟ್ಸಿ ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು. "ನಿಮ್ಮಪ್ಪ ಮೇಲಿಂದ ನೋಡ್ತಿರ್ತಾನೆ ಕಣೇ. ಅಲ್ಲಿ ಹೋಗಿ ಅವನ ಹೆಸರು ಉಳಿಸ್ಬೇಕು."

ಬರ್ನಿಯ ಜೊತೆ ಮಾಂಸ ಕೊಚ್ಚುತ್ತಿದ್ದ ಚೆಟ್ ಎಂಬ ದಡೂತಿ ಮನುಷ್ಯ ಕಣ್ಣೊರೆಸಿಕೊಂಡು ಕೊವಾಲಿಕ್ ಅವರ ಬೆನ್ನು ತಟ್ಟಿದ. ದುಃಖ ಹೆಚ್ಚಾದಾಗ ತಮಾಷೆ ಮಾಡದೆ ಇರಲು ಅವನಿಗಾಗುವುದಿಲ್ಲ. "ಮಿಸ್ಟರ್ ಕೊವಾಲಿಕ್, ನಿಮ್ ಕೋಲ್ಡ್ ರೂಮು ನಮ್ದಕ್ಕಿಂತ ಚೆನ್ನಾಗಿದೆ ಅಂತ ಕಾಣುತ್ತೆ. ಬರ್ನಿ ನಮ್ಮಲ್ಲಿದ್ದಾಗ ಇಷ್ಟು ಫ್ರೆಶ್ಶಾಗಿ ಇರ್ಲೇ ಇಲ್ಲ!"

ಸುತ್ತಲಿದ್ದವರು ಅಳುತ್ತಲೇ ಕಿಸಕ್ಕನೆ ನಕ್ಕರು. ಲೀಡಿಯಾ ನಗಲಿಲ್ಲ. ಅಪ್ಪ ಹೆದರಿದ್ದು ಈ ನಗುವಿಗೇ.

*

ಏಪ್ರಿಲ್ ಶುರುವಿನಲ್ಲಿ ಅವಳು ಅಂಗಡಿಯ ಕೋಲ್ಡ್ ರೂಮಿಗೇ ಹೋಗಿ ಹೇಳಿದ್ದಳು, ಅಮ್ಮನ ಕಿವಿಗೆ ಬೀಳದ ಜಾಗ ಬೇರೆ ಇರಲಿಲ್ಲ.

"ಅಪ್ಪ, ನಾನು ಥಾರ್ನ್‌ಬರಿಗೆ ಹೋಗಲ್ಲ. ಪಿಟ್ಸ್‌ಬರ್ಗಲ್ಲಿ ಮಿಸ್ಟರ್ ಕೊವಾಲಿಕ್ ಮಾಡೋ ಕೆಲಸ ಕಲಿಸೋ ಶಾಲೆ ಇದೆ. ಅಲ್ಲಿಗೆ ಹೋಗ್ತೀನಿ."

ಬರ್ನಿ ಮೊದಲು ನಕ್ಕ. ಅವಳು ನಗದೆ ನಿಂತಾಗ ಕೈಯಲ್ಲಿದ್ದ ಹಂದಿಯ ತೊಡೆಯನ್ನು ಕೊಕ್ಕೆಗೆ ಸಿಕ್ಕಿಸಿದ.

"ಹೆಣ ತೊಳೆಯೋಕೆ ಕಾಲೇಜಾ?"

"ತೊಳೆಯೋದಷ್ಟೇ ಅಲ್ಲ."

"ಇಲ್ಲಿ ಅಪ್ಪ ಮಾಂಸ ಮಾರ್ತಾನೆ, ಅಲ್ಲಿ ಮಗಳು... ಯೋಚನೆ ಮಾಡೇ. ಆ ಚೆಟ್ ಸಾಯೋವರೆಗೂ ಬಿಡಲ್ಲ ನನ್ನ. ಊರೋರೆಲ್ಲ ಬಂದು ಮಗಳು ಎಲ್ಲಿಗೆ ಅಂತ ಕೇಳ್ತಾರೆ. ಏನಂತ ಹೇಳ್ಲಿ? ಇಷ್ಟು ವರ್ಷ ನಾನು ಎಲ್ರನ್ನೂ ಕೇಳಿದೀನಿ ಕಣೇ!"

ಅವಳಿಗೂ ಸಿಟ್ಟು ಬಂತು. "ಅವರು ಕೇಳ್ತಾರೆ ಅಂತ ನಾನು ಅಲ್ಲಿಗೆ ಹೋಗ್ಬೇಕಾ? ಥಾರ್ನ್‌ಬರಿ ನೋಡೋಕೆ ಹೋದಾಗ ಎಲ್ಲರೂ ನೀನು ಮುಂದೆ ಏನಾಗ್ತೀಯ ಅಂತಾನೇ ಕೇಳಿದ್ರು. ಮಿಸ್ಟರ್ ಕೊವಾಲಿಕ್ ಹತ್ರ ಯಾರೂ ಕೇಳಲ್ಲ. ಒಬ್ಬರು ಬರ್ತಾರೆ, ಅವರನ್ನ ಚೆನ್ನಾಗಿ ನೋಡ್ಕೊಂಡು ಕಳಿಸ್ತೀವಿ. ನಂಗೆ ಅದು ಇಷ್ಟ ಅಪ್ಪ. ನಿಜವಾಗ್ಲೂ ಇಷ್ಟ."

ಕೆಲವು ದಿನ ಅಪ್ಪ ಮಗಳ ನಡುವೆ ಮಾತಿರಲಿಲ್ಲ. ಆಮೇಲೆ ಯುರ್ಕೋ ಅಜ್ಜಿ ತೀರಿಕೊಂಡಳು. ಬರ್ನಿಯ ಹಳೆಯ ಗಿರಾಕಿ ಅವಳು. ಅವನು ಕೆಲಸದ ಬಟ್ಟೆಯಲ್ಲೇ ಕೊವಾಲಿಕ್ ಅವರಲ್ಲಿಗೆ ಬಂದು ಪೆಟ್ಟಿಗೆಯ ಬಳಿ ಬಹಳ ಹೊತ್ತು ನಿಂತ. ಕಾಯಿಲೆಯಲ್ಲಿ ಮೂಳೆ ಚಕ್ಕಳವಾಗಿದ್ದ ಅಜ್ಜಿ ಈಗ ಹಬ್ಬದ ಹ್ಯಾಮಿಗೆ ಜಗಳ ಆಡಲು ಬಂದವಳ ಹಾಗೆ ಕೆನ್ನೆ ತುಂಬಿಕೊಂಡು ಮಲಗಿದ್ದಳು. ಮೂಲೆಯಲ್ಲಿ ಅವಳ ಮಗ ಯಾರಿಗೋ, "ನಮ್ಮಮ್ಮ ವಾಪಸ್ ಬಂದ ಹಾಗಿದೆ," ಎನ್ನುತ್ತಿದ್ದ.

"ಯಾರು ಮಾಡಿದ್ದು ಇದನ್ನ?" ಎಂದು ಬರ್ನಿ ಪಿಸುಗುಟ್ಟಿದ.

"ನಾನು. ಮಿಸ್ಟರ್ ಕೊವಾಲಿಕ್ ಹೇಳಿಕೊಟ್ರು."

ಕಾರಿನಲ್ಲಿ ಕೂತ ಮೇಲೆ ಬರ್ನಿ ಮಗಳ ಕಡೆ ತಿರುಗಿದ. "ಮೇ ಒಂದಕ್ಕೆ ಫೈರ್ ಹಾಲಲ್ಲಿ ಅಪ್ಪ ಅಮ್ಮಂದಿರೆಲ್ಲ ಎದ್ದು ಹೇಳ್ತಾರಲ್ಲ, ಅವತ್ತು ನಾನೇ ಹೇಳ್ತೀನಿ. ನಿಮ್ಮಮ್ಮಂಗೂ, ಎಲ್ರಿಗೂ ಒಟ್ಟಿಗೆ. ನಕ್ಕರೆ ನಗ್ಲಿ ನನ್ಮಕ್ಳು. ಅಲ್ಲೀವರೆಗೂ ನೀನು ಬಾಯಿ ಬಿಡ್ಬೇಡ. ಸುಳ್ಳು ಹೇಳಿದವನು ನಾನು, ನಾನೇ ಸರಿ ಮಾಡ್ತೀನಿ."

ಅವಳು ಅಪ್ಪನ ಭುಜಕ್ಕೆ ತಲೆಯಿಟ್ಟು ಹೂಂ ಎಂದಿದ್ದಳು.

*

ಚರ್ಚಿನಲ್ಲಿ ಬಲಿಪೂಜೆ ಮುಗಿದು, ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಣ್ಣೂ ಆಯಿತು. ಜನ ಕಾರುಗಳತ್ತ ಇಳಿಯುವಾಗ ಲೀಡಿಯಾ ಕೊವಾಲಿಕ್ ಅವರ ತೋಳು ಹಿಡಿದಳು.

"ನೀವು ಹೇಳಿ ಅಮ್ಮಂಗೆ. ಪ್ಲೀಸ್. ನಾನು ಬಾಯಿ ತೆಗೆದ್ರೆ ಅಪ್ಪನ ಆಸೆ ತುಳಿದಂಗೆ ಆಗುತ್ತೆ."

"ನಾನು ಹೇಳಿದ್ರೆ ಏನಂತಾರೆ ಯೋಚನೆ ಮಾಡಮ್ಮ. ಅಪ್ಪನಿಗೆ ಮಣ್ಣು ಹಾಕಿದ ಕೈಯಲ್ಲೇ ಮಗಳನ್ನ ಎಳ್ಕೊಂಡ ಅಂತಾರೆ. ಆಮೇಲೆ ನಿಮ್ಮಮ್ಮ ನಿನ್ನನ್ನ ನಮ್ಮ ಬಾಗಿಲಿಗೂ ಬಿಡಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಪಿಟ್ಸ್‌ಬರ್ಗಿನವರು ಇವತ್ತಿನವರೆಗೆ ಸೀಟು ಹಿಡಿದಿಡ್ತೀವಿ ಅಂದಿದಾರೆ. ಥಾರ್ನ್‌ಬರಿಗೂ ಇವತ್ತೇ ಕೊನೆ. ಎರಡರಲ್ಲಿ ಒಂದಕ್ಕೆ ನೀನೇ ಹೂಂ ಅನ್ಬೇಕು ಲೀಡಿಯಾ."

ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಅಮ್ಮನ ನಡುವೆ ಅವಳು ಸಿಕ್ಕಿಕೊಂಡಿದ್ದಳು. ಎರಡೂ ಕಡೆಯಿಂದ ಕಪ್ಪು ಕೋಟುಗಳು ಒತ್ತುತ್ತಿದ್ದವು.

"ಅಮ್ಮಾ, ಅಪ್ಪ ನಿಂಗೆ ಕಾಲೇಜಿನ ಬಗ್ಗೆ ಏನಾದ್ರೂ ಹೇಳಿದ್ನಾ? ಈಚೆಗೆ?"

"ಹೇಳದೆ ಏನು! ಸೋಮವಾರ ಊಟ ಮಾಡ್ತಾ, 'ಶುಕ್ರವಾರ ಹಾಲಲ್ಲಿ ನಿಂಗೊಂದು ವಿಷಯ ಕಾದಿದೆ ಡೋರೀನ್, ಹೆದರ್ಕೋಬೇಡ' ಅಂದ. ಏನೋ ಅದು ಅಂದ್ರೆ ಬಾಯೇ ಬಿಡ್ಲಿಲ್ಲ." ಡೋರೀನ್‌ಳ ಮುಖದಲ್ಲಿ ನಗು ಬಂತು. "ನಿನ್ನೆ ಆ ಅಂಗಿ ಸಿಕ್ಕಾಗ ಗೊತ್ತಾಯ್ತು. ಅದನ್ನ ಹಾಕ್ಕೊಂಡು ಎಲ್ರೆದುರು ಬಂದು ನಿಲ್ಲೋನಿದ್ದ. ಪೆದ್ದ! ಅದಕ್ಕೆ ಯಾರು ಹೆದರ್ತಾರೆ?"

"ಅಮ್ಮಾ, ಆ ವಿಷಯ..."

"ಅದೊಂದು ನೆನಪಿಸ್ಕೊಂಡೇ ನಾನು ಇವತ್ತು ಕಾಲ ಮೇಲೆ ನಿಂತಿರೋದು ಮಗಾ," ಎಂದು ಡೋರೀನ್ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಫೈರ್ ಹಾಲ್ ಬರುವವರೆಗೂ ಬಿಡಲಿಲ್ಲ.

*

ಹಾಲನ್ನು ಪಾಲಕರು ಅಂದಿನ ತಮ್ಮ ಕೂಟಕ್ಕೆಂದು ಮೊದಲೇ ಹಿಡಿದಿದ್ದರು. ಬರ್ನಿ ಸತ್ತ ಸುದ್ದಿ ಕೇಳಿ ಅದನ್ನು ಮಣ್ಣಾದ ಮೇಲಿನ ಊಟಕ್ಕೆ ಬಿಟ್ಟುಕೊಟ್ಟಿದ್ದರು. ಚರ್ಚಿನ ಹೆಂಗಸರು ಬೆಣ್ಣೆಯಲ್ಲಿ ಎಲೆಕೋಸು ಬಾಡಿಸಿ ನೂಡಲ್ಸ್ ಬೆರೆಸಿದ ಹಲುಷ್ಕಿಯನ್ನು ದೊಡ್ಡ ತಟ್ಟೆಗಳಲ್ಲಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಡೋರೀನ್‌ಳ ಮುಂದೆ ಬಡಿಸಿಟ್ಟ ತಟ್ಟೆ ಹಾಗೇ ಆರುತ್ತಿತ್ತು.

"ಒಂದು ತುತ್ತು ತಿನ್ನೇ," ಎಂದು ರೋಸ್‌ಮೇರಿ ಗೋಗರೆದಳು. ಲೀಡಿಯಾಳತ್ತ ಬಾಗಿ, "ಮಂಗಳವಾರದಿಂದ ಕಾಫಿ ಬಿಟ್ಟು ಏನೂ ಇಳಿದಿಲ್ಲ ಇವಳ ಗಂಟಲಲ್ಲಿ. ಹೀಗಾದ್ರೆ ಇನ್ನೊಂದು ಪೆಟ್ಟಿಗೆ ಹೇಳ್ಬೇಕಾಗುತ್ತೆ ನೋಡು," ಎಂದಳು.

ಪ್ಯಾಟ್ಸಿ ಡ್ಯೂಗನ್ ಚಮಚದಿಂದ ಲೋಟ ತಟ್ಟಿದಳು. ಗೋಡೆಯ ಬಳಿ ಏಪ್ರನ್ ತೊಟ್ಟು ನಗುತ್ತಿರುವ ಬರ್ನಿಯ ಫೋಟೋ ಇಟ್ಟಿದ್ದರು.

"ಡೋರೀನ್, ನಿನ್ನ ಗಂಡ ಎಲ್ರಿಗಿಂತ ಮೊದಲು ನಮ್ಮನ್ನ ಕೇಳ್ತಿದ್ದ. ಇವತ್ತು ನಾವು ಅವನಿಗೇ ಹೇಳ್ತೀವಿ. ಆಗಬಹುದಾ?"

ಡೋರೀನ್ ಕರವಸ್ತ್ರದೊಳಗಿನಿಂದ ತಲೆಯಾಡಿಸಿದಳು. ಪ್ಯಾಟ್ಸಿ ಫೋಟೋ ಕಡೆ ತಿರುಗಿದಳು. "ಬರ್ನಿ, ನಮ್ಮ ಕೀಗನ್ ಒಹಾಯೋಗೆ ಕಣೋ. ಅಕೌಂಟಿಂಗು."

ಒಬ್ಬೊಬ್ಬರೇ ಎದ್ದರು. ಕೌಂಟರಿನಲ್ಲಿ ನಿಂತು ಹೇಳುವ ಹಾಗೆಯೇ ಹೇಳಿದರು. ಬರ್ನಿ, ನಮ್ಮ ಅವಳಿಗಳು ಒಂದೇ ಕಡೆ ಹೋಗ್ತಾರೆ, ಬೇರೆ ಮಾಡೋಕೆ ನೋಡಿ ಸೋತೆವು. ಬರ್ನಿ, ನಮ್ಮವಳು ಇನ್ನೂ ಅಳ್ತಿದಾಳೆ, ಆದ್ರೂ ಸ್ಟೇಟಿಗೇ ಹೋಗ್ತಾಳೆ. ಒಬ್ಬ ಅಪ್ಪ ಟೊಪ್ಪಿ ತೆಗೆದು, "ನಮ್ಮವನು ಎಲ್ಲಿಗೂ ಇಲ್ಲ ಬರ್ನಿ, ಛಾವಣಿ ಹೊದಿಸೋ ಕೆಲಸಕ್ಕೆ ಸೇರ್ತಾನೆ. ನೀನು ಬಯ್ಯಲ್ಲ ಅಂತ ಗೊತ್ತು," ಎಂದ. ಅವನಿಗೂ ಚಪ್ಪಾಳೆ ಬಿತ್ತು. ಲೀಡಿಯಾ ಕುರ್ಚಿಯ ಅಂಚಿಗೆ ಸರಿದಳು. ಹೇಳಬಹುದು, ಈಗಲೇ ಹೇಳಿಬಿಡಬಹುದು. ಅಪ್ಪ ಮಾತು ಕೊಟ್ಟ ದಿನವೂ ಇದೇ, ಜಾಗವೂ ಇದೇ. ಅವಳು ಎದ್ದು ನಿಂತಳು. ಹಾಲಿಗೆ ಹಾಲೇ ಅವಳತ್ತ ತಿರುಗಿತು.

"ಅಪ್ಪ," ಎಂದಳು ಫೋಟೋಗೆ. "ಅಪ್ಪ, ನೀನು ಇವತ್ತು ಹೇಳ್ಬೇಕಿತ್ತು. ನಾನು..."

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬೇಕಿತ್ತು, ಅಷ್ಟೇ. ಅಷ್ಟರಲ್ಲಿ ಡೋರೀನ್ ಎದ್ದು ಮಗಳ ಸೊಂಟ ಬಳಸಿದಳು.

"ಥಾರ್ನ್‌ಬರಿ, ಬರ್ನಿ," ಎಂದಳು. ದನಿ ಹಾಲಿನ ತುದಿಗೂ ಕೇಳಿಸಿತು. "ನಮ್ಮ ಹುಡುಗಿ ಥಾರ್ನ್‌ಬರಿಗೆ ಹೋಗ್ತಾಳೆ!"

ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಚೆಟ್ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದ. "ಅಮ್ಮಾ, ಹಾಗಲ್ಲ," ಎಂದು ಲೀಡಿಯಾ ಅಂದದ್ದು ಪಕ್ಕದಲ್ಲಿದ್ದ ಅತ್ತೆಗೂ ಕೇಳಿಸಲಿಲ್ಲ. ಬಾಗಿಲ ಬಳಿ ಕೊವಾಲಿಕ್ ಒಬ್ಬರೇ ಕೈ ತಟ್ಟದೆ ನಿಂತಿದ್ದರು. ಆಮೇಲೆ ಕೋಟು ಹಾಕಿಕೊಂಡರು.

ಚಪ್ಪಾಳೆ ನಿಂತಿತು. ಈಗಲಾದರೂ ಹೇಳಬೇಕೆಂದು ಲೀಡಿಯಾ ಅಮ್ಮನ ಕಡೆ ಬಾಗಿದಳು. ಡೋರೀನ್ ಮೂಗೊರೆಸಿಕೊಂಡು ಕೂತು, ಮುಂದಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಮುಳ್ಳುಚಮಚ ಎತ್ತಿಕೊಂಡಿದ್ದಳು. ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ತಣ್ಣಗಾದ ನೂಡಲ್ಸನ್ನು ಹಸಿದ ಮಗುವಿನ ಹಾಗೆ, ಗಲ್ಲಕ್ಕೆ ಬೆಣ್ಣೆ ಮೆತ್ತಿಕೊಂಡು ತಿನ್ನತೊಡಗಿದಳು. ರೋಸ್‌ಮೇರಿ ಶಿಲುಬೆಯ ಗುರುತು ಹಾಕಿಕೊಂಡಳು. ತಟ್ಟೆ ಖಾಲಿಯಾಗುವವರೆಗೂ ಲೀಡಿಯಾ ನೋಡುತ್ತ ನಿಂತಳು. ಬಾಯಿಯವರೆಗೆ ಬಂದ ಮಾತನ್ನು ಅಷ್ಟು ಹೊತ್ತು ಅಲ್ಲೇ ಹಿಡಿದುಕೊಂಡಿದ್ದಳು.

"ಅವರಿಗೆ ಹೂಂ ಅಂತ ಕಳಿಸಿದ್ಯಾ ಮಗಾ?" ಕೊನೆಯ ತುತ್ತನ್ನು ಅಗಿಯುತ್ತಲೇ ಡೋರೀನ್ ಕೇಳಿದಳು. "ಇವತ್ತೇ ಕೊನೆ ಅಲ್ವಾ?"

"ಕಳಿಸ್ತೀನಮ್ಮ. ಮೊದಲು ನೀನು ತಿನ್ನು."

"ಇನ್ನೊಂದು ಸ್ವಲ್ಪ ಹಾಕಿಸ್ಕೊಂಡು ಬರ್ತೀಯಾ? ಬಿಸಿ ಇರೋದು."

ಲೀಡಿಯಾ ತಟ್ಟೆ ಎತ್ತಿಕೊಂಡು ಹೋದಳು. ಊಟದ ಮೇಜಿನ ಮುಂದೆ ಉದ್ದಕ್ಕೆ ಸಾಲು ನಿಂತಿತ್ತು. ಅವಳು ಕೊನೆಯಲ್ಲಿ ನಿಲ್ಲಲು ಹೋದಳು, ಯಾರೂ ಬಿಡಲಿಲ್ಲ.

"ದಾರಿ ಬಿಡ್ರೋ, ಬರ್ನಿ ಮಗಳಿಗೆ ದಾರಿ ಬಿಡಿ," ಎಂದು ಚೆಟ್ ಕೂಗಿದ. ಸಾಲು ಎರಡಾಗಿ ಸೀಳಿ ಎರಡೂ ಗೋಡೆಗೆ ಸರಿಯಿತು. ಅತ್ತು ಕೆಂಪಾದ ಕಣ್ಣುಗಳಲ್ಲಿ ಎಲ್ಲರೂ ಅವಳನ್ನು ನೋಡಿ ನಗುತ್ತಿದ್ದರು, ಬೆನ್ನ ಮೇಲೆ ಕೈಯಿಟ್ಟು ಒಬ್ಬರಾದ ಮೇಲೊಬ್ಬರು ಮುಂದಕ್ಕೆ ಕಳಿಸುತ್ತಿದ್ದರು.